ಮಿದುಳಿನ ಗಡ್ಡೆಗೆ ಎಸ್‌ಐಆರ್‌ಎನ್‌ಎ: ಚಿನ್ನದ ಕಣ ಎಲ್ಲಿವರೆಗೆ ಹೋಗುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಇವತ್ತು ದೊಡ್ಡ ಕೆಲಸವಲ್ಲ. ಗಡ್ಡೆಯ ಒಂದು ಚೂರನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ಪಟ್ಟಿ ಕೈಗೆ ಬರುತ್ತದೆ. ಪಟ್ಟಿಯಲ್ಲಿರುವ ಒಂದು ಜೀನನ್ನು ಸುಮ್ಮನಾಗಿಸುವ, ಎಸ್‌ಐಆರ್‌ಎನ್‌ಎ ಎಂಬ ಆರ್‌ಎನ್‌ಎ ತುಣುಕನ್ನು ವಿನ್ಯಾಸ ಮಾಡಿ ತರಿಸಿಕೊಳ್ಳುವುದೂ ಸುಲಭ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಷ್ಟವೆಲ್ಲ ಇರುವುದು ಅದನ್ನು ರೋಗಿಯ ತೋಳಿನ ರಕ್ತನಾಳದಿಂದ ಗಡ್ಡೆಯ ಜೀವಕೋಶದ ಒಳದ್ರವದವರೆಗೆ ಮುಟ್ಟಿಸುವುದರಲ್ಲಿ. ಆ ದಾರಿಯ ಪ್ರತಿ ಹಂತದಲ್ಲೂ ಔಷಧದ ಬಹುಪಾಲು ಕಳೆದುಹೋಗುತ್ತದೆ. ಎಲ್ಲಿ, ಎಷ್ಟು, ಯಾಕೆ ಕಳೆದುಹೋಗುತ್ತದೆ ಎಂಬುದು ಗೊತ್ತಿದ್ದರೆ ಈ ಕ್ಷೇತ್ರದ ಯಾವ ಸುದ್ದಿಯನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು ಎಂದು ನೀವೇ ತೀರ್ಮಾನಿಸಬಹುದು.

ಈಗಿರುವ ಚಿಕಿತ್ಸೆಯ ಕಥೆ ಚಿಕ್ಕದು. ಸಾಧ್ಯವಿದ್ದಷ್ಟು ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ನಂತರ 30 ಕಂತುಗಳಲ್ಲಿ ಒಟ್ಟು 60 ಗ್ರೇ ವಿಕಿರಣ, ಜೊತೆಗೆ ದಿನವೂ ಚದರ ಮೀಟರಿಗೆ 75 ಮಿ.ಗ್ರಾಂ. ಟೆಮೊಜೊಲೊಮೈಡ್. ಆಮೇಲೆ 28 ದಿನಕ್ಕೆ 5 ದಿನದಂತೆ 150ರಿಂದ 200 ಮಿ.ಗ್ರಾಂ.ನ ಆರು ಸುತ್ತು. 2005ರಲ್ಲಿ ಸ್ಟುಪ್ ಮತ್ತು ಸಂಗಡಿಗರ ಪ್ರಯೋಗ ಈ ಕ್ರಮವನ್ನು ಸ್ಥಾಪಿಸಿತು. ಬರೀ ವಿಕಿರಣ ಪಡೆದವರ ಮಧ್ಯಾಂಕ ಬದುಕು 12.1 ತಿಂಗಳಿತ್ತು, ಔಷಧ ಸೇರಿಸಿದಾಗ 14.6 ತಿಂಗಳಾಯಿತು. ಇಪ್ಪತ್ತು ವರ್ಷ ಕಳೆದರೂ ಬುನಾದಿ ಇದೇ. ಅದಕ್ಕೇ ಈ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು.

ತುಣುಕು ಹೇಗಿರುತ್ತದೆ

ಎಸ್‌ಐಆರ್‌ಎನ್‌ಎ ಎಂದರೆ ಎರಡೆಳೆಯ ಪುಟ್ಟ ಆರ್‌ಎನ್‌ಎ. ಸಾಮಾನ್ಯವಾಗಿ 19 ಜೋಡಿ ಬೇಸ್‌ಗಳು, ಎರಡೂ ಎಳೆಗಳ 3' ತುದಿಯಲ್ಲಿ ಜೋಡಿಯಿಲ್ಲದ ಎರಡೆರಡು ಬೇಸ್‌ಗಳು. ತೂಕ ಸುಮಾರು 13 ಕಿಲೋಡಾಲ್ಟನ್, ಮೈಮೇಲೆ ನಲವತ್ತರಷ್ಟು ಋಣ ಆವೇಶಗಳು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಎರಡೆಳೆಯ ಆರ್‌ಎನ್‌ಎ ಜೀನನ್ನು ಸುಮ್ಮನಾಗಿಸುವ ಈ ವಿದ್ಯಮಾನವನ್ನು ಪುಟ್ಟ ಹುಳುವೊಂದರಲ್ಲಿ ಕಂಡುಹಿಡಿದರು. 2001ರಲ್ಲಿ 21 ಬೇಸ್‌ಗಳ ತುಣುಕು ಮನುಷ್ಯನ ಜೀವಕೋಶಗಳಲ್ಲೂ ಕೆಲಸ ಮಾಡುತ್ತದೆ ಎಂದು ಟುಶ್ಲ್ ಅವರ ತಂಡ ತೋರಿಸಿತು. 2006ರ ನೊಬೆಲ್ ಫೈರ್, ಮೆಲ್ಲೋ ಇಬ್ಬರಿಗೆ ಸಂದಿತು.

ಜೀವಕೋಶದೊಳಗೆ ಆರ್ಗೊನಾಟ್-2 ಎಂಬ ಪ್ರೋಟೀನ್ ಎರಡೆಳೆಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುತ್ತದೆ. ಇಟ್ಟುಕೊಂಡ ಎಳೆಗೆ ಸರಿಹೊಂದುವ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ಸಂದೇಶ) ಎದುರಾದರೆ ಅದನ್ನು ಕತ್ತರಿಸುತ್ತದೆ. ಕತ್ತರಿ ಬೀಳುವ ಜಾಗ ಖಚಿತ: ಎಳೆಯ 5' ತುದಿಯಿಂದ ಎಣಿಸಿದರೆ 10 ಮತ್ತು 11ನೇ ಬೇಸ್‌ಗಳ ಎದುರಿಗೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಪುರಾವೆಯ ಮಾತು ಬಂದಾಗ ಬೇಕಾಗುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಆರ್ಗೊನಾಟ್ ಮುಂದಿನ ಎಂಆರ್‌ಎನ್‌ಎ ಹಿಡಿಯುತ್ತದೆ. ಹಾಗಾಗಿ ಕೋಶವೊಂದಕ್ಕೆ ಕೆಲವು ನೂರು ಅಥವಾ ಸಾವಿರ ತುಣುಕು ಸಿಕ್ಕರೂ ಸಾಕಾಗಬಹುದು.

ಬರಿಯ ಎಸ್‌ಐಆರ್‌ಎನ್‌ಎಯನ್ನು ರಕ್ತಕ್ಕೆ ಚುಚ್ಚಿದರೆ ಅಲ್ಲಿನ ಕಿಣ್ವಗಳು ಅದನ್ನು ಕೆಲವೇ ನಿಮಿಷಗಳಲ್ಲಿ ಚೂರು ಮಾಡುತ್ತವೆ. ಉಳಿದದ್ದು ಮೂತ್ರಪಿಂಡದಲ್ಲಿ ಸೋಸಿಹೋಗುತ್ತದೆ. ಸಕ್ಕರೆಯ 2' ಜಾಗಕ್ಕೆ ಮೀಥಾಕ್ಸಿ ಅಥವಾ ಫ್ಲೋರೋ ಗುಂಪು ಸೇರಿಸಿ, ತುದಿಗಳಲ್ಲಿ ಫಾಸ್ಫೊರೊಥಯೋಯೇಟ್ ಕೊಂಡಿ ಹಾಕಿದರೆ ಕಿಣ್ವಗಳ ಕಾಟ ತಪ್ಪುತ್ತದೆ. ಆದರೂ ಕೋಶದ ಪೊರೆ ದಾಟುವ ಶಕ್ತಿ ಅದಕ್ಕೆ ಬರುವುದಿಲ್ಲ. ಹೊರುವ ವಾಹನ ಬೇಕೇ ಬೇಕು.

ಯಕೃತ್ತಿನಲ್ಲಿ ಸಿಕ್ಕ ಗೆಲುವು, ಮಿದುಳಿನಲ್ಲಿ ಯಾಕೆ ಸಿಗಲಿಲ್ಲ

2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಮೊದಲ ಎಸ್‌ಐಆರ್‌ಎನ್‌ಎ ಔಷಧ. ಅದನ್ನು ಹೊರುವುದು ಲಿಪಿಡ್ ನ್ಯಾನೊಕಣ. ಬಾಟಲಿಯ ಒಂದು ಮಿಲಿಲೀಟರಿನಲ್ಲಿ 2 ಮಿ.ಗ್ರಾಂ. ಎಸ್‌ಐಆರ್‌ಎನ್‌ಎ, 13 ಮಿ.ಗ್ರಾಂ. ಡಿಲಿನ್-ಎಂಸಿ3-ಡಿಎಂಎ ಎಂಬ ಅಯಾನೀಕರಣಗೊಳ್ಳುವ ಲಿಪಿಡ್, 6.2 ಮಿ.ಗ್ರಾಂ. ಕೊಲೆಸ್ಟರಾಲ್, 3.3 ಮಿ.ಗ್ರಾಂ. ಡಿಎಸ್‌ಪಿಸಿ ಎಂಬ ಫಾಸ್ಫೊಲಿಪಿಡ್, 1.6 ಮಿ.ಗ್ರಾಂ. ಪೆಗ್-ಲಿಪಿಡ್ (ಪೆಗ್ ಎಂಬ ಪಾಲಿಮರ್ ಕಟ್ಟಿದ ಲಿಪಿಡ್) ಇರುತ್ತವೆ. ಪ್ರತಿ ಕಿಲೋ ತೂಕಕ್ಕೆ 0.3 ಮಿ.ಗ್ರಾಂ., ಮೂರು ವಾರಕ್ಕೊಮ್ಮೆ, ಸುಮಾರು 80 ನಿಮಿಷ ಡ್ರಿಪ್. ಅದಕ್ಕೂ ಮೊದಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಪ್ಯಾರಸಿಟಮಾಲ್ ಮತ್ತು ಎರಡು ಬಗೆಯ ಹಿಸ್ಟಮಿನ್ ತಡೆಗಳನ್ನು ಕೊಡಬೇಕು. ಇಲ್ಲದಿದ್ದರೆ ಡ್ರಿಪ್ ಹಾಕುವಾಗಲೇ ಪ್ರತಿಕ್ರಿಯೆ ಬರುವ ಅಪಾಯವಿದೆ.

ಈ ಕಣ ರಕ್ತಕ್ಕೆ ಇಳಿದ ಕೂಡಲೇ ಅದರ ಪೆಗ್ ಕವಚ ಕಳಚತೊಡಗುತ್ತದೆ, ರಕ್ತದ ಅಪೊಲಿಪೊಪ್ರೋಟೀನ್-ಇ ಬಂದು ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶಗಳು ಅದನ್ನು ಕೊಲೆಸ್ಟರಾಲ್ ಕಣವೆಂದೇ ತಿಳಿದು ಒಳಗೆ ಎಳೆದುಕೊಳ್ಳುತ್ತವೆ. ಯಕೃತ್ತಿನ ರಕ್ತನಾಳಗಳ ಗೋಡೆಯಲ್ಲಿ ಸುಮಾರು 100 ನ್ಯಾನೊಮೀಟರ್ ಅಗಲದ ಕಿಂಡಿಗಳೂ ಇರುವುದರಿಂದ ಹಾದಿ ಸಲೀಸು.

ಮಿದುಳಿನ ರಕ್ತನಾಳದಲ್ಲಿ ಅಂಥ ಕಿಂಡಿಗಳಿಲ್ಲ. ಗೋಡೆಯ ಕೋಶಗಳನ್ನು ಕ್ಲಾಡಿನ್-5 ಮುಂತಾದ ಪ್ರೋಟೀನ್‌ಗಳು ಬಿಗಿಯಾಗಿ ಹೊಲಿದಿರುತ್ತವೆ, ನುಸುಳಿದ ಅಣುವನ್ನು ಪಿ-ಗ್ಲೈಕೊಪ್ರೋಟೀನ್ ಪಂಪು ಹೊರಗೆ ಎಸೆಯುತ್ತದೆ. ಗಡ್ಡೆ ಬೆಳೆದ ಜಾಗದಲ್ಲಿ ಈ ತಡೆ ಹಾಳಾಗಿರುತ್ತದಲ್ಲ, ಅಲ್ಲಿಂದ ಔಷಧ ಸೋರುತ್ತದಲ್ಲ ಎಂಬ ಪ್ರಶ್ನೆ ಸಹಜ. ಸೋರುವುದು ನಿಜ. ಎಂಆರ್‌ಐಯಲ್ಲಿ ಗ್ಯಾಡೊಲಿನಿಯಂ ಎಂಬ ಗುರುತುದ್ರವ್ಯ ಹೊಳೆಯುವುದು ಅದರಿಂದಲೇ. ಆದರೆ ಹೊಳೆಯುವ ಭಾಗವನ್ನು ಸರ್ಜನ್ ಹೇಗೂ ತೆಗೆಯುತ್ತಾರೆ. ಮರುಕಳಿಸುವ ಗಡ್ಡೆ ಹುಟ್ಟುವುದು ಬಹುಪಾಲು ಆ ಅಂಚಿನಿಂದ ಎರಡು ಸೆಂಟಿಮೀಟರ್ ಒಳಗಿನ, ನೋಡಲು ಸಾಮಾನ್ಯವಾಗಿಯೇ ಇರುವ ಮಿದುಳಿನಲ್ಲಿ ಅಡಗಿದ ಕೋಶಗಳಿಂದ. ಅಲ್ಲಿ ತಡೆಗೋಡೆ ಬಹುಮಟ್ಟಿಗೆ ಭದ್ರವಾಗಿಯೇ ಇರುತ್ತದೆ. ಔಷಧ ತಲುಪಬೇಕಾದ್ದು ಅಲ್ಲಿಗೆ.

ಪ್ರಯೋಗಾಲಯದಲ್ಲಿ ಮರೆತುಹೋಗುವ ಇನ್ನೊಂದು ಸಂಗತಿ ಇದೆ. ಈ ರೋಗಿಗಳಲ್ಲಿ ಬಹಳ ಜನ ಊತಕ್ಕಾಗಿ ಡೆಕ್ಸಾಮೆಥಾಸೋನ್ ತೆಗೆದುಕೊಳ್ಳುತ್ತಿರುತ್ತಾರೆ. ಅದು ಊತ ಇಳಿಸುವುದೇ ರಕ್ತನಾಳದ ಸೋರಿಕೆಯನ್ನು ಕಡಿಮೆ ಮಾಡಿ. ಸೋರಿಕೆಯನ್ನೇ ನೆಚ್ಚಿಕೊಂಡ ಕಣಕ್ಕೆ ಬಾಗಿಲು ಇನ್ನಷ್ಟು ಕಿರಿದಾಗುತ್ತದೆ. ಇಲಿಗಳಿಗೆ ಡೆಕ್ಸಾಮೆಥಾಸೋನ್ ಕೊಡದೆ ಮಾಡಿದ ಅಳತೆಯನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಗೋಡೆ ದಾಟಿದರೂ ಮುಂದೆ ಜಾಗ ಇಕ್ಕಟ್ಟು. ಮಿದುಳಿನ ಕೋಶಗಳ ನಡುವಿನ ಸಂದು ಇಲಿಗಳಲ್ಲಿ ಅಳೆದಾಗ 38ರಿಂದ 64 ನ್ಯಾನೊಮೀಟರ್ ಸಿಕ್ಕಿತ್ತು. ಮೇಲ್ಮೈಗೆ ಪೆಗ್ ಅನ್ನು ಒತ್ತೊತ್ತಾಗಿ ಹೊದಿಸಿದರೆ 114 ನ್ಯಾನೊಮೀಟರ್ ಕಣವೂ ಚಲಿಸುತ್ತದೆ ಎಂದು 2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ತೋರಿಸಿತು. ಪೆಗ್ ಇಲ್ಲದ ಕಣ ಸುತ್ತಲಿನ ಪ್ರೋಟೀನ್‌ಗಳಿಗೆ ಅಂಟಿ ಇದ್ದಲ್ಲೇ ಕೂರುತ್ತದೆ. ಧನ ಆವೇಶದ ಕಣಗಳಂತೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದೇ ಹೇಳಬೇಕು.

ಚಿನ್ನದ ಕಣ ತಯಾರಿಸುವುದು

ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ನಿಜಕ್ಕೂ ಪರೀಕ್ಷೆಗೊಳಗಾದ ಒಂದು ವಾಹನವನ್ನು ಹತ್ತಿರದಿಂದ ನೋಡೋಣ. ಷಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ಅವರ ಪ್ರಯೋಗಾಲಯ ರೂಪಿಸಿದ ಗೋಳಾಕಾರದ ನ್ಯೂಕ್ಲಿಕ್ ಆಮ್ಲ ಅದು. ನಡುವೆ 13 ನ್ಯಾನೊಮೀಟರ್ ಚಿನ್ನದ ಗುಂಡು, ಅದರ ಮೈಮೇಲೆ ಹೊರಮುಖವಾಗಿ ನಿಂತ ಎಸ್‌ಐಆರ್‌ಎನ್‌ಎಗಳು. ಕದಂಬದ ಹೂವನ್ನು ನೋಡಿದವರಿಗೆ ಆಕಾರ ಹೇಳಿಕೊಡಬೇಕಿಲ್ಲ.

ಚಿನ್ನದ ಗುಂಡು ಮಾಡುವುದು ಹಳೆಯ ವಿಧಾನ. 500 ಮಿ.ಲೀ. ಶುದ್ಧ ನೀರಿಗೆ 0.197 ಗ್ರಾಂ ಟೆಟ್ರಾಕ್ಲೋರೋಆರಿಕ್ ಆಮ್ಲ ಟ್ರೈಹೈಡ್ರೇಟ್ ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ರಿಫ್ಲಕ್ಸ್ ಕಂಡೆನ್ಸರ್ ಕೂರಿಸಿ, ಜೋರಾಗಿ ಕಲಕುತ್ತಾ ಕುದಿಸಬೇಕು. ಇನ್ನೊಂದು ಕಡೆ 50 ಮಿ.ಲೀ. ನೀರಿನಲ್ಲಿ 0.57 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ ಕರಗಿಸಿಟ್ಟುಕೊಂಡು, ಕುದಿ ಬಂದ ಮೇಲೆ ಒಂದೇ ಸಲಕ್ಕೆ ಸುರಿಯಬೇಕು. ತಿಳಿ ಹಳದಿ ಬಣ್ಣ ಹೋಗಿ ನೀರಿನಂತಾಗುತ್ತದೆ, ನಂತರ ಕಪ್ಪಾಗುತ್ತದೆ, ನೋಡನೋಡುತ್ತಲೇ ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಇನ್ನು 10-15 ನಿಮಿಷ ಕುದಿಸಿ ತಣಿಯಲು ಬಿಡಬೇಕು.

ಇಲ್ಲಿ ಆಗುವ ಎಡವಟ್ಟುಗಳು ಎರಡು. ಸಿಟ್ರೇಟನ್ನು ಹನಿ ಹನಿಯಾಗಿ ಹಾಕಿದರೆ ಕಣಗಳು ಬೇರೆ ಬೇರೆ ಹೊತ್ತಿಗೆ ಹುಟ್ಟಿ ಗಾತ್ರ ಒಂದೇ ಸಮ ಬರುವುದಿಲ್ಲ. ಫ್ಲಾಸ್ಕನ್ನು ರಾಜಾಮ್ಲದಲ್ಲಿ ತೊಳೆಯದಿದ್ದರೆ ಗಾಜಿಗೆ ಅಂಟಿದ ಹಳೆಯ ಲೋಹದ ಕಲೆಗಳ ಮೇಲೆಯೇ ಚಿನ್ನ ಕೂತು, ಅಡ್ಡಾದಿಡ್ಡಿ ಕಣಗಳಾಗುತ್ತವೆ. ಸರಿಯಾದ ಕಣಗಳು 519-520 ನ್ಯಾನೊಮೀಟರ್ ತರಂಗದಲ್ಲಿ ಬೆಳಕು ಹೀರುತ್ತವೆ. ಈ ಅಳತೆಯಿಂದಲೇ ಸಾಂದ್ರತೆಯೂ ಸಿಗುತ್ತದೆ: ಮೋಲಾರ್ ಗುಣಾಂಕ 2.7×10⁸ ಎಂದು ಹಿಡಿದರೆ ಒಂದು ಸೆಂ.ಮೀ. ಕ್ಯುವೆಟ್‌ನಲ್ಲಿ ಅಬ್ಸಾರ್ಬನ್ಸ್ 1 ಬಂದಾಗ 3.7 ನ್ಯಾನೊಮೋಲಾರ್. ಮೇಲಿನ ಅಳತೆಯಲ್ಲಿ ಮಾಡಿದ ದ್ರಾವಣ 10 ನ್ಯಾನೊಮೋಲಾರ್‌ಗಿಂತ ಹೆಚ್ಚಿರುತ್ತದೆ. ನಾಲ್ಕೈದು ಪಟ್ಟು ತೆಳು ಮಾಡಿಯೇ ಓದಿ, ಇಲ್ಲದಿದ್ದರೆ ಯಂತ್ರದ ಸರಳರೇಖೆಯ ಮಿತಿ ಮೀರುತ್ತದೆ.

ಮುಂದಿನದು ಆರ್‌ಎನ್‌ಎ ಕೆಲಸ. ಕೈಬೆರಳಲ್ಲಿ, ಧೂಳಿನಲ್ಲಿ, ಎಲ್ಲೆಲ್ಲೂ ಆರ್‌ಎನ್‌ಎ ತಿನ್ನುವ ಕಿಣ್ವ ಇರುವುದರಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಚಿನ್ನದ ದ್ರಾವಣಕ್ಕೆ 0.1% ಡಿಇಪಿಸಿ ಎಂಬ ಕಿಣ್ವನಾಶಕ ಹಾಕಿ ರಾತ್ರಿಯಿಡೀ ಕಲಕಿ, ಆಟೋಕ್ಲೇವ್ ಮಾಡಿದರೆ ಕಿಣ್ವ ಸಾಯುತ್ತದೆ, ಡಿಇಪಿಸಿಯೂ ಒಡೆದುಹೋಗುತ್ತದೆ. ಆಟೋಕ್ಲೇವ್ ಬಿಟ್ಟರೆ ಉಳಿದ ಡಿಇಪಿಸಿ ಆರ್‌ಎನ್‌ಎಯನ್ನೇ ಕೆಡಿಸುತ್ತದೆ. ಟ್ರಿಸ್ ಬಫರ್‌ಗೆ ಡಿಇಪಿಸಿ ಹಾಕಬಾರದು, ಅದರ ಅಮೀನ್ ಗುಂಪು ಡಿಇಪಿಸಿಯನ್ನು ತಿಂದುಬಿಡುತ್ತದೆ.

ಎಸ್‌ಐಆರ್‌ಎನ್‌ಎಯ ಒಂದು ಎಳೆಯ ತುದಿಗೆ ಥಯೋಲ್ ಗುಂಪು ಸೇರಿಸಿ ತರಿಸುತ್ತಾರೆ. ಗಂಧಕ ಚಿನ್ನಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಥಯೋಲ್ ಇರಬೇಕಾದ್ದು ಆರ್ಗೊನಾಟ್ ಬಿಸಾಡುವ ಎಳೆಗೆ. ಕೆಲಸದ ಎಳೆಗೆ ಕಟ್ಟಿದರೆ ಅದು ಚಿನ್ನಕ್ಕೇ ಅಂಟಿಕೊಂಡು ಉಳಿಯುವ ಭಯ. 10 ನ್ಯಾನೊಮೋಲಾರ್ ಚಿನ್ನದ ಪ್ರತಿ ಮಿಲಿಲೀಟರಿಗೆ ಒಂದು ನ್ಯಾನೊಮೋಲ್ ಎಸ್‌ಐಆರ್‌ಎನ್‌ಎ, ಅಂದರೆ ಕಣಕ್ಕೆ ನೂರರಂತೆ, ಹಾಕುತ್ತಾರೆ. ಕೊನೆಗೆ ಕೂರುವುದು ಮೂವತ್ತರ ಆಸುಪಾಸು.

ಇನ್ನು ಉಪ್ಪು. ಆರ್‌ಎನ್‌ಎಗಳು ಪರಸ್ಪರ ದೂಡುತ್ತವೆ, ಚಿನ್ನದ ಸಿಟ್ರೇಟ್ ಹೊದಿಕೆಯೂ ಅವನ್ನು ದೂಡುತ್ತದೆ. ಸೋಡಿಯಂ ಸೇರಿಸಿ ಆ ಆವೇಶವನ್ನು ಮರೆಮಾಡಿದರೆ ಮಾತ್ರ ಒತ್ತಾಗಿ ಕೂರುತ್ತವೆ. ಆದರೆ ಅದೇ ಉಪ್ಪು ಬರಿ ಮೈಯ ಚಿನ್ನದ ಕಣಗಳನ್ನೂ ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆದ್ದರಿಂದ ಮೊದಲು 0.2% ಟ್ವೀನ್-20 ಎಂಬ ಮಾರ್ಜಕ, ಆಮೇಲೆ ಉಪ್ಪನ್ನು 0.1 ಮೋಲಾರ್‌ಗೆ ಏರಿಸಿ ಕೆಲವು ಗಂಟೆ ಬಿಟ್ಟು, ನಂತರ 0.3ಕ್ಕೆ. ನಡುನಡುವೆ ಅರ್ಧ ನಿಮಿಷ ಸೋನಿಕೇಟರ್ ನೀರಿನಲ್ಲಿಡಬೇಕು. ಈ ಹೊತ್ತಿನಲ್ಲಿ ಕೊಳವೆಯನ್ನು ಬಿಳಿ ಹಾಳೆಯ ಮುಂದೆ ಹಿಡಿದು ನೋಡಿ. ಕೆಂಪು ಕೆಂಪಾಗಿಯೇ ಇದ್ದರೆ ಕಣಗಳು ಬಿಡಿಬಿಡಿಯಾಗಿವೆ. ನೇರಳೆ ಛಾಯೆ ಕಂಡರೆ ಅಂಟಲು ಶುರುವಾಗಿದೆ. ನೀಲಿಯಾದರೆ ಆ ಬ್ಯಾಚ್ ಮುಗಿಯಿತು, ಯಾವ ಸೋನಿಕೇಟರ್ ಕೂಡ ಅದನ್ನು ಹಿಂದಕ್ಕೆ ತರುವುದಿಲ್ಲ. ಬಹುತೇಕ ಸಲ ಕಾರಣ ಒಂದೇ: ಥಯೋಲ್‌ಗಳು ಗಾಳಿಗೆ ಒಡ್ಡಿಕೊಂಡು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಚಿನ್ನಕ್ಕೆ ಕೂರಲು ಮುಕ್ತವಾಗಿರುವುದಿಲ್ಲ. ಡಿಟಿಟಿ ಎಂಬ ರಾಸಾಯನಿಕದಿಂದ ಅಪಕರ್ಷಿಸಿ, ಅಂದರೆ ಆ ಕೊಂಡಿ ಬಿಡಿಸಿ, ಡೀಸಾಲ್ಟಿಂಗ್ ಕಾಲಮ್ ದಾಟಿಸಿದ ತಕ್ಷಣ ಬಳಸಬೇಕು. ಡಿಟಿಟಿ ಒಂದಿಷ್ಟು ಉಳಿದರೂ ಅದೇ ಹೋಗಿ ಚಿನ್ನವನ್ನು ಆಕ್ರಮಿಸುತ್ತದೆ.

ಕೊನೆಗೆ ಖಾಲಿ ಜಾಗಗಳನ್ನು 2000 ಡಾಲ್ಟನ್‌ನ ಥಯೋಲ್-ಪೆಗ್‌ನಿಂದ ತುಂಬಿಸಿ, ಸೆಂಟ್ರಿಫ್ಯೂಜ್‌ನಲ್ಲಿ ಮೂರು ಸಲ ತೊಳೆಯುತ್ತಾರೆ. ಬೆಳಕು ಚದುರುವುದರಿಂದ ಗಾತ್ರ ಅಳೆಯುವ ಡಿಎಲ್‌ಎಸ್‌ನಲ್ಲಿ ನೋಡಿದರೆ 13ರ ಕಣ ಈಗ ಸುಮಾರು 30 ನ್ಯಾನೊಮೀಟರ್. ತೊಳೆಯುವುದರಲ್ಲಿ ಆತುರಪಟ್ಟರೆ ಬಿಡಿ ಎಸ್‌ಐಆರ್‌ಎನ್‌ಎ ಉಳಿದು, ಕಣದ್ದೆಂದು ಎಣಿಸಿದ ಪ್ರಮಾಣ ಸುಳ್ಳಾಗುತ್ತದೆ.

ಇಷ್ಟು ಋಣ ಆವೇಶ ಹೊತ್ತ ಕಣ ಕೋಶದೊಳಗೆ ಹೋಗಬಾರದಿತ್ತು, ಆದರೂ ಹೋಗುತ್ತದೆ. ಒತ್ತಾಗಿ ನಿಂತ ನ್ಯೂಕ್ಲಿಕ್ ಆಮ್ಲವನ್ನು ಕೋಶದ ಮೇಲಿನ ಎ ವರ್ಗದ ಸ್ಕ್ಯಾವೆಂಜರ್ ಗ್ರಾಹಕ ಗುರುತಿಸಿ ಒಳಗೆಳೆಯುತ್ತದೆ. ಬಿಡಿ ಎಳೆಗೆ ಈ ಭಾಗ್ಯವಿಲ್ಲ.

ಲಿಪಿಡ್ ದಾರಿ ಹಿಡಿದರೆ

ಚಿನ್ನದ ಬದಲು ಲಿಪಿಡ್ ಕಣ ಮಾಡುವವರಿಗೆ ಕೆಲವು ಮಾತು. ಲಿಪಿಡ್‌ಗಳನ್ನು 50:10:38.5:1.5 ಮೋಲ್ ಅನುಪಾತದಲ್ಲಿ (ಎಂಸಿ3, ಡಿಎಸ್‌ಪಿಸಿ, ಕೊಲೆಸ್ಟರಾಲ್, ಪೆಗ್-ಲಿಪಿಡ್) ಎಥನಾಲ್‌ನಲ್ಲಿ ಕರಗಿಸಿ, ಎಸ್‌ಐಆರ್‌ಎನ್‌ಎಯನ್ನು ಪಿಎಚ್ 4ರ ಬಫರ್‌ನಲ್ಲಿಟ್ಟು, ನೀರು ಮೂರು ಪಾಲು ಎಥನಾಲ್ ಒಂದು ಪಾಲಿನಂತೆ ಮೈಕ್ರೊಫ್ಲುಯಿಡಿಕ್ ಚಿಪ್‌ನಲ್ಲಿ ಬೆರೆಸುತ್ತಾರೆ. ಬಫರಿನ ಪಿಎಚ್ ಏರಿದರೆ ಲಿಪಿಡ್‌ಗೆ ಧನ ಆವೇಶ ಬರುವುದಿಲ್ಲ, ಆರ್‌ಎನ್‌ಎ ಹೊರಗೇ ಉಳಿಯುತ್ತದೆ. ಹರಿವು ನಿಧಾನವಾದರೆ ಕಣ ದೊಡ್ಡದಾಗುತ್ತದೆ. ಬೆರೆತ ಮೇಲೆ ಎಥನಾಲ್‌ನಲ್ಲೇ ಬಿಟ್ಟರೆ ಕಣಗಳು ಕೂಡಿಕೊಳ್ಳುತ್ತವೆ, ಕೂಡಲೇ ಪಿಬಿಎಸ್ ಎಂಬ ತಟಸ್ಥ ಬಫರ್‌ಗೆ ಡಯಾಲಿಸಿಸ್ ಹಚ್ಚಬೇಕು. ಒಳಗೆ ಎಷ್ಟು ಸೇರಿದೆ ಎಂಬುದನ್ನು ಆರ್‌ಎನ್‌ಎಗೆ ಅಂಟಿ ಹೊಳೆಯುವ ರೈಬೊಗ್ರೀನ್ ಬಣ್ಣದಿಂದ ಎರಡು ಸಲ ಅಳೆಯಿರಿ, ಕಣವನ್ನು ಒಡೆಯುವ ಟ್ರೈಟನ್ ಎಕ್ಸ್-100 ಹಾಕುವ ಮೊದಲು ಮತ್ತು ಹಾಕಿದ ಮೇಲೆ. ವ್ಯತ್ಯಾಸವೇ ಒಳಗಿನ ಪಾಲು.

ಮಿದುಳಿಗೆಂದು ಮಾಡುವಾಗ ಪೆಗ್-ಲಿಪಿಡ್‌ನ ಬಾಲ ಮುಖ್ಯ. 14 ಇಂಗಾಲದ ಬಾಲವಿದ್ದರೆ ಬೇಗ ಕಳಚಿ ಕಣ ಯಕೃತ್ತಿನ ಪಾಲಾಗುತ್ತದೆ. 18 ಇಂಗಾಲದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ರಕ್ತದಲ್ಲಿ ಸುತ್ತಾಡಲು ಕಾಲಾವಕಾಶ ಸಿಗುತ್ತದೆ. ಆದರೆ ಪೆಗ್ ಕಳಚದಿದ್ದರೆ ಕೋಶದೊಳಗಿನ ಕೆಲಸಕ್ಕೆ ಅಡ್ಡಿ. ಎರಡೂ ಬೇಕೆಂದರೆ ಆಗದು, ಎಲ್ಲೋ ಒಂದು ಕಡೆ ಒಪ್ಪಂದ ಮಾಡಿಕೊಳ್ಳಬೇಕು.

ವಿಳಾಸ ಬರೆದರೆ ಸಾಲದು

ಕಣದ ಮೇಲೆ ಟ್ರಾನ್ಸ್‌ಫೆರಿನ್, ಆಂಜಿಯೊಪೆಪ್-2, ಆರ್‌ಜಿಡಿ ಪೆಪ್ಟೈಡ್ ಹೀಗೆ ಕೋಶದ ಗ್ರಾಹಕಕ್ಕೆ ಅಂಟುವ ಏನಾದರೊಂದು ಕಟ್ಟಿ ‘ಗುರಿಯಿಟ್ಟ ಚಿಕಿತ್ಸೆ’ ಎಂದು ಕರೆಯುವುದು ರೂಢಿ. ಎಷ್ಟು ಕಟ್ಟಬೇಕು ಎಂಬಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಕೋಶಗಳ ತಟ್ಟೆಯಲ್ಲಿ ಹೆಚ್ಚು ಕಟ್ಟಿದಷ್ಟೂ ಹೆಚ್ಚು ಒಳಹೋಗುತ್ತದೆ, ಗ್ರಾಫ್ ಚೆನ್ನಾಗಿ ಬರುತ್ತದೆ. ರಕ್ತನಾಳದ ಗೋಡೆ ದಾಟುವಾಗ ಮಾತ್ರ ಅದೇ ಮುಳುವಾಗುತ್ತದೆ. ಗೋಡೆಯ ಒಂದು ಬದಿಯಲ್ಲಿ ಹಿಡಿದು ಇನ್ನೊಂದು ಬದಿಯಲ್ಲಿ ಬಿಡಬೇಕು. ಬಿಗಿಯಾಗಿ ಹಿಡಿದ ಕಣ ಬಿಡುವುದೇ ಇಲ್ಲ. 2011ರಲ್ಲಿ ಜೆನೆಂಟೆಕ್ ಕಂಪನಿಯವರು ಟ್ರಾನ್ಸ್‌ಫೆರಿನ್ ಗ್ರಾಹಕಕ್ಕೆ ಸಡಿಲವಾಗಿ ಅಂಟುವ ಪ್ರತಿಕಾಯವೇ ಮಿದುಳಿನೊಳಗೆ ಹೆಚ್ಚು ಸೇರುತ್ತದೆ ಎಂದು ತೋರಿಸಿದರು. 2013ರಲ್ಲಿ ಕ್ಯಾಲ್‌ಟೆಕ್ ತಂಡ ಚಿನ್ನದ ಕಣಗಳಲ್ಲೂ ಇದನ್ನೇ ಕಂಡಿತು. ಹೆಚ್ಚು ಟ್ರಾನ್ಸ್‌ಫೆರಿನ್ ಹೊತ್ತವು ಗೋಡೆಯಲ್ಲೇ ಉಳಿದವು.

ಅದರ ಮೇಲೆ ರಕ್ತದ ಪ್ರೋಟೀನ್‌ಗಳ ಹೊದಿಕೆ. ಕಣ ರಕ್ತಕ್ಕೆ ಬಿದ್ದ ನಿಮಿಷದೊಳಗೆ ಹತ್ತಾರು ಬಗೆಯ ಪ್ರೋಟೀನ್‌ಗಳು ಮುತ್ತಿಕೊಂಡು ಕಟ್ಟಿದ ವಿಳಾಸವನ್ನೇ ಮುಚ್ಚಿಬಿಡುತ್ತವೆ. ಆದ್ದರಿಂದ ಗ್ರಾಹಕಕ್ಕೆ ಅಂಟುವ ಪರೀಕ್ಷೆಯನ್ನು ಬಫರ್‌ನಲ್ಲಿ ಮಾಡದೆ ಕನಿಷ್ಠ 50% ಸೀರಂನಲ್ಲಾದರೂ ಮಾಡಬೇಕು. ಈ ಒಂದು ಹೆಜ್ಜೆಯಲ್ಲೇ ಅನೇಕ ವಿನ್ಯಾಸಗಳು ನಪಾಸಾಗುತ್ತವೆ. ಬೇಗ ನಪಾಸಾಗುವುದು ಒಳ್ಳೆಯದೇ, ಅಷ್ಟು ಇಲಿಗಳು ಉಳಿದವು.

ಇನ್ನು ಕೋಶದ ಬಾಗಿಲಲ್ಲಿ ನಿಜಕ್ಕೂ ಕೈಗೆ ಬಂದ ತುತ್ತು ಬಾಯಿಗೆ ಬರದ ಸ್ಥಿತಿ. ಒಳಗೆಳೆದುಕೊಂಡ ಕಣವನ್ನು ಕೋಶ ಎಂಡೋಸೋಮ್ ಎಂಬ ಚೀಲದಲ್ಲಿ ಕಟ್ಟಿಡುತ್ತದೆ. ಚೀಲದ ಪಿಎಚ್ 6.5ರಿಂದ ಇಳಿಯುತ್ತಾ 5ರ ಹತ್ತಿರ ಬಂದು, ಕೊನೆಗೆ ಲೈಸೋಸೋಮ್‌ನಲ್ಲಿ ಎಲ್ಲವೂ ಜೀರ್ಣವಾಗುತ್ತದೆ. ಲಿಪಿಡ್ ಕಣಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಣಿಸಿದಾಗ ಚೀಲದಿಂದ ಪಾರಾದ ಎಸ್‌ಐಆರ್‌ಎನ್‌ಎ 1ರಿಂದ 2% ಮಾತ್ರ. ಕೋಶದೊಳಗೆ ಬಣ್ಣ ಹೊಳೆಯುವ ಚಿತ್ರ ತೋರಿಸಿ ‘ತಲುಪಿದೆ’ ಎನ್ನುವವರು ಈ ಸಂಖ್ಯೆಯನ್ನು ಪಕ್ಕದಲ್ಲಿಡಬೇಕು. ಚುಕ್ಕೆ ಚುಕ್ಕೆಯಾಗಿ ಹೊಳೆದರೆ ಅದು ಚೀಲದಲ್ಲೇ ಇದೆ ಎಂದರ್ಥ.

ಇಲಿಯ ಚಿತ್ರಗಳು ಮೋಸ ಮಾಡುವ ಬಗೆ

2016ರಲ್ಲಿ ಹತ್ತು ವರ್ಷದ ಪ್ರಕಟಣೆಗಳನ್ನು ಒಟ್ಟುಗೂಡಿಸಿ ನೋಡಿದ ಟೊರಾಂಟೊ ತಂಡಕ್ಕೆ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರುವುದು ಮಧ್ಯಾಂಕ 0.7% ಎಂದು ತಿಳಿಯಿತು. ಅದರಲ್ಲಿ ಬಹುಪಾಲು ಮಿದುಳಿನ ಹೊರಗಿನ ಗಡ್ಡೆಗಳು. ಹಾಗಿದ್ದರೂ ಇಲಿಯ ತಲೆ ಕೆಂಪಗೆ ಹೊಳೆಯುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕಣ್ತಪ್ಪಿಸಿಕೊಳ್ಳುವ ಸಂಗತಿಗಳು ಹೀಗಿವೆ.

ಸೈ5 ಎಂಬ ಹೊಳೆಯುವ ಬಣ್ಣವನ್ನು ಎಸ್‌ಐಆರ್‌ಎನ್‌ಎಗೆ ಕಟ್ಟಿರುತ್ತಾರೆ. ಕಿಣ್ವ ಅದನ್ನು ಕತ್ತರಿಸಿದರೆ ಬಣ್ಣ ಮಾತ್ರ ತಿರುಗಾಡುತ್ತದೆ, ಔಷಧವಲ್ಲ. ಬರಿ ಬಣ್ಣ ಚುಚ್ಚಿದ ಇಲಿಯನ್ನು ಪಕ್ಕದಲ್ಲಿ ತೋರಿಸದಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲ. ಅಂಗ ತೆಗೆಯುವ ಮುನ್ನ ಹೃದಯದ ಮೂಲಕ ಸಲೈನ್ ಹರಿಸಿ ರಕ್ತವನ್ನು ತೊಳೆಯಬೇಕು. ಇಲ್ಲವಾದರೆ ಮಿದುಳಿನ ರಕ್ತನಾಳದಲ್ಲಿ ನಿಂತ ಕಣವೆಲ್ಲ ಮಿದುಳಿನದೆಂದು ಎಣಿಕೆಯಾಗುತ್ತದೆ. ತೊಳೆದ ಮೇಲೂ ಗೋಡೆಯ ಕೋಶಗಳೊಳಗೆ ಸಿಕ್ಕಿಕೊಂಡದ್ದು ಉಳಿದಿರುತ್ತದೆ, ಅದನ್ನು ಬೇರ್ಪಡಿಸಲು ರಕ್ತನಾಳಕ್ಕೆ ಇನ್ನೊಂದು ಬಣ್ಣ ಕೊಟ್ಟು ಕನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಗಡ್ಡೆಯ ಆಯ್ಕೆ ಇನ್ನೂ ಮುಖ್ಯ. ಎಲ್ಲರೂ ಬಳಸುವ ಯು87 ಎಂಬ ಗಡ್ಡೆಕೋಶಗಳು ಇಲಿಯಲ್ಲಿ ಉಂಡೆಯಾಗಿ, ಸೋರುವ ರಕ್ತನಾಳಗಳೊಂದಿಗೆ ಬೆಳೆಯುತ್ತವೆ. ಮನುಷ್ಯರ ಗ್ಲಿಯೋಬ್ಲಾಸ್ಟೋಮಾದ ಹಾಗೆ ನುಸುಳಿ ಹರಡುವುದಿಲ್ಲ. 2016ರಲ್ಲಿ ಉಪ್ಸಾಲಾ ಸಂಶೋಧಕರು ಡಿಎನ್‌ಎ ಹೋಲಿಸಿದಾಗ, ಕೋಶ ಭಂಡಾರದಿಂದ ಮಾರಾಟವಾಗುವ ಯು87 ಅದರ ಮೂಲ ರೋಗಿಯ ಗಡ್ಡೆಯದ್ದೇ ಅಲ್ಲ ಎಂದೂ ಗೊತ್ತಾಯಿತು. ರೋಗಿಯ ಗಡ್ಡೆಯಿಂದ ನೇರ ಬೆಳೆಸಿದ ಕೋಶಗಳನ್ನು ಇಲಿಯ ಮಿದುಳಿಗೇ ಹಾಕಿದ ಮಾದರಿ ಇದ್ದರೆ ಮಾತ್ರ ತಲುಪುವಿಕೆಯ ಬಗ್ಗೆ ಏನಾದರೂ ಹೇಳಬಹುದು. ಯು87ನಲ್ಲಿ ಗೆದ್ದ ಕಣವೆಂದರೆ ಸೋರುವ ಕೊಳವೆಯಿಂದ ಸೋರಿದ ಕಣ ಎಂದಷ್ಟೇ ಅರ್ಥ.

ಗಡ್ಡೆ ಕುಗ್ಗಿದರೂ ಜೀನ್ ಸುಮ್ಮನಾದದ್ದರಿಂದಲೇ ಕುಗ್ಗಿತು ಎನ್ನಲು ಬರುವುದಿಲ್ಲ. ಎರಡೆಳೆಯ ಆರ್‌ಎನ್‌ಎಯನ್ನು ದೇಹ ವೈರಸ್ ಎಂದು ತಿಳಿದು ರೋಗನಿರೋಧಕ ವ್ಯವಸ್ಥೆಯ ಟಿಎಲ್‌ಆರ್ 3, 7, 8 ಗ್ರಾಹಕಗಳ ಮೂಲಕ ಎಚ್ಚರಗೊಳ್ಳುತ್ತದೆ. 2008ರಲ್ಲಿ ಇಲಿಗಳ ಕಣ್ಣಿನಲ್ಲಿ ನಡೆದ ಕೆಲಸವೊಂದು, ರಕ್ತನಾಳದ ಬೆಳವಣಿಗೆ ನಿಂತದ್ದು ಗುರಿಯ ಜೀನ್‌ನಿಂದಲ್ಲ, ಟಿಎಲ್‌ಆರ್3 ಎಚ್ಚರವಾದದ್ದರಿಂದ, ಯಾವ ಎಸ್‌ಐಆರ್‌ಎನ್‌ಎ ಹಾಕಿದರೂ ಅದೇ ಆಗುತ್ತಿತ್ತು ಎಂದು ತೋರಿಸಿತು. ಆದ್ದರಿಂದ ಒಂದೇ ಜೀನ್‌ಗೆ ಬೇರೆ ಬೇರೆ ಜಾಗದಲ್ಲಿ ಅಂಟುವ ಎರಡು ತುಣುಕು ಬೇಕು, ಅದೇ ಕಣದಲ್ಲಿ ತುಂಬಿದ ಅರ್ಥವಿಲ್ಲದ ಕ್ರಮದ ತುಣುಕು ಬೇಕು, ಆ ಎಚ್ಚರದ ಗುರುತಾದ ಇಂಟರ್‌ಫೆರಾನ್ ಅಳತೆ ಬೇಕು. ಕೊನೆಯ ಮಾತು 5'-ರೇಸ್ ಪರೀಕ್ಷೆಯದು. ಎಂಆರ್‌ಎನ್‌ಎ ಕತ್ತರಿಸಿದ ತುದಿ 10-11ನೇ ಬೇಸ್‌ಗಳ ಎದುರಿಗೇ ಇದೆಯೇ ಎಂದು ಅದು ಸೀಕ್ವೆನ್ಸ್ ಮಾಡಿ ಹೇಳುತ್ತದೆ. 2010ರಲ್ಲಿ ಮಾರ್ಕ್ ಡೇವಿಸ್ ಅವರ ತಂಡ ಮೆಲನೋಮಾ ರೋಗಿಗಳ ಬಯಾಪ್ಸಿಯಲ್ಲಿ ಇದನ್ನು ತೋರಿಸಿದಾಗಲೇ ಮನುಷ್ಯರಲ್ಲಿ ನ್ಯಾನೊಕಣದ ಮೂಲಕ ಈ ತಂತ್ರ ನಡೆಯುತ್ತದೆ ಎಂದು ನಂಬಲು ಗಟ್ಟಿ ಆಧಾರ ಸಿಕ್ಕಿದ್ದು.

ತಟ್ಟೆಯ ಪ್ರಯೋಗದಲ್ಲಿ 10ರಿಂದ 25 ನ್ಯಾನೊಮೋಲಾರ್ ಎಸ್‌ಐಆರ್‌ಎನ್‌ಎ ಸಾಕು. 100ಕ್ಕೆ ಏರಿಸಿದರೆ ಬೇಡದ ಜೀನ್‌ಗಳೂ ಕುಸಿಯುತ್ತವೆ. ಎಂಆರ್‌ಎನ್‌ಎಯನ್ನು 24-48 ಗಂಟೆಗೆ, ಪ್ರೋಟೀನನ್ನು 48-72 ಗಂಟೆಗೆ ನೋಡಿ. ಎಂಆರ್‌ಎನ್‌ಎ ಇಳಿದು ಪ್ರೋಟೀನ್ ಇಳಿಯದಿದ್ದರೆ ತುಣುಕನ್ನು ದೂರಬೇಡಿ, ಹಳೆಯ ಪ್ರೋಟೀನ್ ಇನ್ನೂ ಕರಗಿರುವುದಿಲ್ಲ.

ಎಂಟು ರೋಗಿಗಳು

ಇಷ್ಟೆಲ್ಲ ಅನುಮಾನಗಳ ನಡುವೆ ಎನ್‌ಯು-0129 ಎಂಬ ಔಷಧದ ಫಲಿತಾಂಶ ಓದಬೇಕು. ಮೇಲೆ ವಿವರಿಸಿದ ಬಗೆಯ ಚಿನ್ನದ ಕಣವೇ ಅದು. ಗುರಿ ಬಿಸಿಎಲ್2ಎಲ್12 ಎಂಬ ಜೀನ್. ಇದರ ಪ್ರೋಟೀನ್ ಕ್ಯಾಸ್ಪೇಸ್ 3 ಮತ್ತು 7ನ್ನೂ, ಪಿ53ನ್ನೂ ತಡೆದು ಗಡ್ಡೆಯ ಕೋಶಗಳು ಸಾಯದಂತೆ ಕಾಯುತ್ತದೆ. 2013ರಲ್ಲಿ ಇಲಿಗಳಲ್ಲಿ ಫಲ ಕಂಡ ಮೇಲೆ, ಪ್ರಿಯಾ ಕುಮ್ತೇಕರ್, ಅಲೆಕ್ಸಾಂಡರ್ ಸ್ಟೆಗ್ ಮತ್ತು ಸಂಗಡಿಗರು ಮರುಕಳಿಸಿದ ಗಡ್ಡೆಯ ಎಂಟು ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು.

ಇದು ಹಂತ 0 ಪ್ರಯೋಗ. ರೋಗ ಗುಣಪಡಿಸುವ ಉದ್ದೇಶವೇ ಇದಕ್ಕಿಲ್ಲ. ಹೇಗೂ ಎರಡನೇ ಶಸ್ತ್ರಚಿಕಿತ್ಸೆ ಆಗಬೇಕಿದ್ದವರಿಗೆ ಅದಕ್ಕೆ ಮುಂಚೆ ಒಂದು ಸಲ ರಕ್ತನಾಳದ ಮೂಲಕ ಔಷಧ ಕೊಟ್ಟು, ಒಂದೆರಡು ದಿನದೊಳಗೆ ತೆಗೆದ ಗಡ್ಡೆಯಲ್ಲಿ ಅದನ್ನು ಹುಡುಕಿದರು. ಪ್ರಮಾಣ ಕಿಲೋಗೆ 0.04 ಮಿ.ಗ್ರಾಂ., ಪ್ರಾಣಿಗಳಲ್ಲಿ ತೊಂದರೆ ಕಾಣದ ಮಟ್ಟದ ಐವತ್ತನೇ ಒಂದು ಪಾಲು. 60 ಕಿಲೋ ತೂಗುವವರಿಗೆ 2.4 ಮಿ.ಗ್ರಾಂ. ಅಷ್ಟೆ. ಪ್ಯಾಟಿಸಿರಾನ್ ಆದರೆ ಅದೇ ವ್ಯಕ್ತಿಗೆ 18 ಮಿ.ಗ್ರಾಂ. ಕೊಡುತ್ತಾರೆ.

ಇಲ್ಲಿ ಚಿನ್ನದ ಒಂದು ದೊಡ್ಡ ಅನುಕೂಲ ಕೈಹಿಡಿಯಿತು. ಬಣ್ಣದಂತೆ ಅದು ಕಳಚಿ ಓಡುವುದಿಲ್ಲ, ದೇಹದಲ್ಲಿ ಸಹಜವಾಗಿ ಲೆಕ್ಕಕ್ಕೆ ಸಿಗುವಷ್ಟು ಇರುವುದೂ ಇಲ್ಲ. ಅಂಗಾಂಶವನ್ನು ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್ ಎಂಬ ಲೋಹ ಅಳೆಯುವ ಯಂತ್ರಕ್ಕೆ ಕೊಟ್ಟರೆ ಅತಿ ಕಡಿಮೆ ಚಿನ್ನವೂ ಸಿಕ್ಕಿಬೀಳುತ್ತದೆ. ರೋಗಿಗಳ ಗಡ್ಡೆಯಲ್ಲಿ ಚಿನ್ನ ಕಂಡಿತು. ರಕ್ತನಾಳದ ಗೋಡೆಯಲ್ಲೂ, ಮ್ಯಾಕ್ರೊಫೇಜ್‌ಗಳಲ್ಲೂ, ಗಡ್ಡೆಯ ಕೋಶಗಳಲ್ಲೂ ಅದು ಇತ್ತು. ಬಿಸಿಎಲ್2ಎಲ್12 ಪ್ರೋಟೀನ್ ಕಡಿಮೆಯಾಗಿದ್ದುದೂ ವರದಿಯಾಯಿತು. ಅತಿ ತೀವ್ರವಾದ ನಾಲ್ಕು, ಐದನೇ ದರ್ಜೆಯ ವಿಷಕಾರಿ ಪರಿಣಾಮಗಳು ಕಾಣಲಿಲ್ಲ. ಲಿಂಫೊಸೈಟ್ ಕುಸಿತ ಮತ್ತು ರಕ್ತದ ಫಾಸ್ಫೇಟ್ ಇಳಿತ ಎಂಬ, ಮೂರನೇ ದರ್ಜೆಯ ಎರಡು ಘಟನೆಗಳು ಔಷಧಕ್ಕೆ ಸಂಬಂಧಿಸಿದ್ದಿರಬಹುದು ಎಂದು ದಾಖಲಾದವು.

ನನ್ನ ದೃಷ್ಟಿಯಲ್ಲಿ ಇದು ಇಲಿಗಳ ನೂರು ಚಿತ್ರಗಳಿಗಿಂತ ದೊಡ್ಡದು, ಮನುಷ್ಯರ ಗಡ್ಡೆಯಲ್ಲೇ ಅಳೆದ ಕಾರಣಕ್ಕೆ. ಇದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕತ್ತರಿಸಿ ತೆಗೆದದ್ದು ಮುಖ್ಯವಾಗಿ ಸೋರುವ ನಡುಭಾಗ. ಭದ್ರ ಗೋಡೆಯ ಹಿಂದೆ ಅಡಗಿದ ಕೋಶಗಳಿಗೆ ಕಣ ಮುಟ್ಟಿತೇ ಎಂಬುದಕ್ಕೆ ಇದು ಉತ್ತರವಲ್ಲ. ಚಿನ್ನ ಕಂಡಲ್ಲೆಲ್ಲ ಎಸ್‌ಐಆರ್‌ಎನ್‌ಎ ಗಟ್ಟಿಯಾಗಿ ಉಳಿದಿತ್ತು ಎಂದೂ ಹೇಳಲಾಗದು. ಒಂದೇ ಡೋಸ್ ಕೊಟ್ಟದ್ದರಿಂದ ಬದುಕಿನ ಅವಧಿಯ ಬಗ್ಗೆ ಏನೂ ತಿಳಿಯದು. ವಿಭಜನೆಯಾಗುತ್ತಲೇ ಇರುವ ಕೋಶದಲ್ಲಿ ಎಸ್‌ಐಆರ್‌ಎನ್‌ಎ ಪ್ರತಿ ಸಲ ಅರ್ಧರ್ಧ ಹಂಚಿಹೋಗಿ ಪರಿಣಾಮ ಒಂದು ವಾರದಲ್ಲಿ ಕರಗುತ್ತದೆ, ವಿಭಜನೆಯಾಗದ ಕೋಶದಲ್ಲಾದರೆ ಮೂರು ನಾಲ್ಕು ವಾರ ನಿಲ್ಲುತ್ತದೆ. ಅಂದರೆ ಗಡ್ಡೆಗೆ ವಾರವಾರವೂ ಕೊಡಬೇಕಾದೀತು. ಚಿನ್ನವೋ ದೇಹದಿಂದ ಸುಲಭವಾಗಿ ಹೊರಹೋಗದೆ ಯಕೃತ್ತು, ಗುಲ್ಮಗಳಲ್ಲಿ ಶೇಖರವಾಗುತ್ತದೆ. ಪದೇ ಪದೇ ಕೊಡುವ ಔಷಧಕ್ಕೆ ಇದು ಸಣ್ಣ ತೊಡಕಲ್ಲ. ಚಿನ್ನದ ಬದಲು ಲಿಪೊಸೋಮ್ ತಿರುಳಿನ ಮೇಲೆ ಆರ್‌ಎನ್‌ಎ ನಿಲ್ಲಿಸುವ ರೂಪಗಳ ಕಡೆ ಗಮನ ಹೋಗಿರುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಗ್ಲಿಯೋಬ್ಲಾಸ್ಟೋಮಾ ರೋಗಿ ಇರುವವರು ಇದನ್ನು ಓದುತ್ತಿದ್ದರೆ ನೇರ ಮಾತು: ಈ ರೋಗಕ್ಕೆ ಒಪ್ಪಿಗೆ ಪಡೆದ ಎಸ್‌ಐಆರ್‌ಎನ್‌ಎ ನ್ಯಾನೊಕಣ ಔಷಧ ಎಲ್ಲಿಯೂ ಇಲ್ಲ. ಯಾರಾದರೂ ದುಡ್ಡು ಕೊಟ್ಟರೆ ಕೊಡುತ್ತೇವೆ ಎಂದರೆ ನಂಬಬೇಡಿ. ಭಾರತದಲ್ಲಿ ಕ್ಲಿನಿಕಲ್ ಪ್ರಯೋಗಗಳು ಸಿಟಿಆರ್‌ಐ ಜಾಲತಾಣದಲ್ಲಿ ನೋಂದಣಿಯಾಗಿರಲೇಬೇಕು, ಅಲ್ಲಿ ಹೆಸರು ಹಾಕಿ ಹುಡುಕಬಹುದು. ಸಂಶೋಧನೆಯ ಖರ್ಚನ್ನು ಭಾಗವಹಿಸುವವರ ಮೇಲೆ ಹಾಕಬಾರದು ಎಂದು ಐಸಿಎಂಆರ್ ಮಾರ್ಗಸೂಚಿಯೇ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಡಾಕ್ಟರನ್ನು ಎರಡು ವಿಷಯ ಕೇಳಿಟ್ಟುಕೊಳ್ಳಿ. ಎಂಜಿಎಂಟಿ ಮಿಥೈಲೇಷನ್ ಮತ್ತು ಐಡಿಎಚ್ ಪರೀಕ್ಷೆ ಮಾಡಿಸುತ್ತೀರಾ? ಟೆಮೊಜೊಲೊಮೈಡ್ ಎಷ್ಟು ಉಪಯೋಗವಾದೀತು, ರೋಗದ ನಿಖರ ಹೆಸರೇನು ಎಂಬುದು ಅವುಗಳಿಂದ ತಿಳಿಯುತ್ತದೆ. ತೆಗೆದ ಗಡ್ಡೆಯ ಒಂದು ಭಾಗವನ್ನು ಕೂಡಲೇ ಹೆಪ್ಪುಗಟ್ಟಿಸಿ ಇಡುತ್ತೀರಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧನೆಗಾಗಿ ಮಿದುಳಿನ ಅಂಗಾಂಶ ಭಂಡಾರವೇ ಇದೆ. ಫಾರ್ಮಲಿನ್‌ಗೆ ಹಾಕಿದ ಚೂರಿನಲ್ಲಿ ಆರ್‌ಎನ್‌ಎ ತುಂಡಾಗಿರುತ್ತದೆ. ನಿಮಿಷಗಳೊಳಗೆ ದ್ರವ ಸಾರಜನಕಕ್ಕೆ ಇಳಿಸಿ -80 ಡಿಗ್ರಿಯಲ್ಲಿಟ್ಟ ಚೂರಿನಲ್ಲಿ ಮಾತ್ರ ಯಾವ ಎಂಆರ್‌ಎನ್‌ಎ ಎಷ್ಟಿದೆ, ಎಲ್ಲಿ ಕತ್ತರಿಸಿದೆ ಎಂದು ಮುಂದೆ ಯಾವಾಗಲಾದರೂ ಸರಿಯಾಗಿ ಓದಬಹುದು.